ಚಿಗರಿ ಹಿಡಿದವರು

ಚಿಗರಿಯನ್ನು, ಎಂದರೆ ಕೃಷ್ಣಮೃಗವನ್ನು, ಓಡಿ ಹಿಡಿಯುವುದು ಮನುಷ್ಯನಿಂದಾಗದ ಮಾತು. ಕೃಷ್ಣೆಯ ಆಚೀಚೆಯ ಬಯಲು ಸೀಮೆಯಲ್ಲಿ ಅದಕ್ಕೆ ಎರಡು ಉಪಾಯಗಳಿದ್ದವು. ಒಂದು ಅರಸರದು, ಇನ್ನೊಂದು ಬೇಟೆಯಿಂದಲೇ ಬದುಕುತ್ತಿದ್ದ ಹರಣಶಿಕಾರಿ ಕುಲದವರದು.

ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ರಾಯಬಾಗ 1949ರವರೆಗೂ ಕೊಲ್ಲಾಪುರ ಸಂಸ್ಥಾನದ ಭಾಗ. 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹೂ ಮಹಾರಾಜರಿಗೆ ಬೇಟೆಯ ಹುಚ್ಚು ಬಲವಾಗಿತ್ತು. ಕೊಲ್ಲಾಪುರದಲ್ಲಿ ಚೀತಾಗಳಿಗೆಂದೇ ಚಿತ್ತೇಖಾನೆ ಇತ್ತು. ಅವನ್ನು ಪಳಗಿಸುವವರು ಚಿತ್ತೇವಾನರು. ಕಣ್ಣಿಗೆ ಪಟ್ಟಿ ಕಟ್ಟಿದ ಚೀತಾವನ್ನು ಗಾಡಿಯಲ್ಲಿ ಕೂರಿಸಿ ಚಿಗರಿ ಹಿಂಡಿನ ಹತ್ತಿರಕ್ಕೆ ಒಯ್ದು, ಪಟ್ಟಿ ಬಿಚ್ಚಿ ಬಿಡುತ್ತಿದ್ದರು. ಬೇಟೆ ಸಿಕ್ಕ ಮೇಲೆ ಚಿತ್ತೇವಾನ ಓಡಿ ಹೋಗಿ, ಚೀತಾಕ್ಕೆ ಅದರ ಪಾಲು ಕೊಟ್ಟು, ಮತ್ತೆ ಪಟ್ಟಿ ಕಟ್ಟುತ್ತಿದ್ದ. ಅತಿಥಿಗಳ ಕೆಲಸ ನೋಡುವುದಷ್ಟೇ. ಹಿಂಡು ಹುಡುಕುವುದು, ಗಾಳಿ ನೋಡುವುದು, ಸಮಯ ಅಳೆಯುವುದು ಎಲ್ಲವೂ ಕೆಲಸಗಾರರ ಪಾಲಿಗೆ.

ಆ ಚೀತಾಗಳಾದರೂ ಎಲ್ಲಿಂದ ಬರುತ್ತಿದ್ದವು? ಪಂಜರದಲ್ಲಿ ಅವು ಮರಿ ಹಾಕುವುದು ತೀರ ಅಪರೂಪ. ಕಾಡಿನಿಂದಲೇ ಹಿಡಿದು ತರಬೇಕಿತ್ತು. ಹಿಡಿಯುತ್ತಿದ್ದವರು ಪಾರಧಿಗಳು. ಚೀತಾಗಳು ಮತ್ತೆ ಮತ್ತೆ ಬಂದು ಉಗುರು ತಿಕ್ಕುವ ಮರವನ್ನು ಗುರುತಿಟ್ಟು, ಸುತ್ತ ನರದ ಉರುಲು ಹೂಡುತ್ತಿದ್ದರು.

ಅದೇ ಉರುಲು ಹರಣಶಿಕಾರಿಯ ಸ್ವಂತ ಬೇಟೆಯ ಸಾಧನವೂ ಆಗಿತ್ತು. ಫಾಸೆ ಪಾರಧಿ, ಅಡವಿಚಿಂಚರ್, ಹರಣಶಿಕಾರಿ: ಒಂದೇ ಕುಲಕ್ಕೆ ಸೀಮೆಗೊಂದು ಹೆಸರು. ಚಿಗರಿ ಓಡಾಡುವ ದಾರಿಯಲ್ಲಿ ಗೂಟ ಬಡಿದು ಸಾಲಾಗಿ ಉರುಲು ಬಿಗಿದು, ಹಿಂಡನ್ನು ಅತ್ತ ಮೆಲ್ಲಗೆ ತಿರುಗಿಸುತ್ತಿದ್ದರು. ಕೆಲವೆಡೆ ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಉರುಲು ಸುತ್ತಿ ಬಿಡುವ ರೂಢಿಯೂ ಇತ್ತು. ಕಾದಾಡಲು ಬಂದ ಕಾಡು ಗಂಡಿನ ಕೊಂಬು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹಕ್ಕಿಗಾದರೆ ಕಲಿಸಿದ ಎತ್ತೋ ಆಕಳೋ ಮರೆ. ಬಂದೂಕಿಲ್ಲ, ಸದ್ದಿಲ್ಲ. ಸಿಕ್ಕದ್ದು ಅಂದಿನ ಊಟ, ಉಳಿದದ್ದು ಸಂತೆಯ ಸರಕು.

ಅರಸನ ಬೇಟೆಗೆ ಫೋಟೊ ದೊರಕಿತು, ಹರಣಶಿಕಾರಿಗೆ ಪೊಲೀಸರ ದಫ್ತರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ವಿಸ್ತರಿಸಿದ ಮೇಲೆ ಮುಂಬಯಿ ಪ್ರಾಂತದಲ್ಲಿ ಈ ಜನರು ಹುಟ್ಟಿನಿಂದಲೇ ಶಂಕಿತರಾದರು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲ್‌ಮೆಂಟುಗಳೆದ್ದವು. ಹಾಜರಿ ಕೊಡದೆ, ಪಾಸಿಲ್ಲದೆ ಊರು ದಾಟುವಂತಿಲ್ಲ. ಅಲೆದಾಟವೇ ಬದುಕಾದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನಾವುದು?

ಶಾಹೂ ಮಹಾರಾಜರು ಮಾತ್ರ ಬೇರೆ ದಾರಿ ಹಿಡಿದರು. ಫಾಸೆ ಪಾರಧಿಗಳನ್ನು ಕೊಲ್ಲಾಪುರದ ಹತ್ತಿರದ ಸೋನತಳಿ ಶಿಬಿರದ ಬಳಿ ನೆಲೆಗೊಳಿಸಿ ಕಾವಲು ಕೆಲಸ ಕೊಟ್ಟರು. 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಹಾಜರಿ ಪದ್ಧತಿಯನ್ನೇ ತೆಗೆದುಹಾಕಿದರು. ಅದೊಂದು ಕಡೆಯಾದರೂ ಈ ಕುಲದ ಮೇಲೆ ನಂಬಿಕೆಯಿಟ್ಟ ಆಳ್ವಿಕೆಯಿತ್ತೆಂಬುದು ದೊಡ್ಡ ಸಮಾಧಾನ.

ಅಷ್ಟರಲ್ಲಿ ಈ ನೆಲದ ಚೀತಾ ಬತ್ತುತ್ತ ಬಂದಿತ್ತು. 1918ರಿಂದ 1945ರ ನಡುವೆ ಕೊಲ್ಲಾಪುರ, ಭಾವನಗರದಂಥ ಸಂಸ್ಥಾನಗಳು ಆಫ್ರಿಕದಿಂದ ಸುಮಾರು 200 ಚೀತಾಗಳನ್ನು ತರಿಸಿಕೊಂಡವು. 1952ರಲ್ಲಿ ಭಾರತದಲ್ಲಿ ಚೀತಾ ಅಳಿಯಿತೆಂದು ಸರ್ಕಾರವೇ ಘೋಷಿಸಿತು.

ಸ್ವಾತಂತ್ರ್ಯದ ನಂತರ ಅರಸರ ಜಾಗಕ್ಕೆ ಶಿಕಾರಿ ಕಂಪನಿಗಳು ಬಂದವು. ಮಧ್ಯಭಾರತದಲ್ಲಿ ವಿದೇಶಿಯರಿಂದ ಹಣ ಪಡೆದು, ಮಾರ್ಗದರ್ಶಕರು, ಸೋವುಗಾರರ ಸಮೇತ ಹುಲಿ ಬೇಟೆ ಏರ್ಪಡಿಸುತ್ತಿದ್ದವು. ಚರ್ಮ, ತಲೆಗಳು ಹದವಾಗಲು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೂ ಬರುತ್ತಿದ್ದವು. 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನೂ ಮೊದಲ ಅನುಸೂಚಿಗೆ ಸೇರಿಸಿತು.

ಚಿಗರಿಗೆ ಆ ರಕ್ಷಣೆ ಬೇಕೇ ಬೇಕಿತ್ತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಆಯಿತು. ಆದರೆ ನಿಷೇಧದ ಭಾರ ಇಬ್ಬರ ಮೇಲೂ ಒಂದೇ ತೆರನಾಗಿ ಬೀಳಲಿಲ್ಲ. ಅರಸರು ಕಳೆದುಕೊಂಡದ್ದು ಒಂದು ವಿನೋದ, ಹರಣಶಿಕಾರಿ ಕಳೆದುಕೊಂಡದ್ದು ಕಸುಬು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾದರೂ 1961ರಲ್ಲಿ ರಾಜ್ಯಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ಹಳೆಯ ಶಂಕೆಗೆ ಹೊಸ ಹೆಸರಾಯಿತು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಪಾರಧಿ, ಅಡವಿಚಿಂಚರ್, ಫಾಸೆ ಪಾರಧಿ, ಹರಣಶಿಕಾರಿ ಎಂಬ ನಾಲ್ಕೂ ಹೆಸರುಗಳು ಈಗ ಒಂದೇ ಸಾಲಿನಲ್ಲಿವೆ.