ವೈರಲ್ ನ್ಯುಮೋನಿಯಾದಲ್ಲಿ ಶ್ವಾಸಕೋಶದ ರಕ್ತಹೆಪ್ಪು: ಡಿ-ಡೈಮರ್ ಅಂಕಿಯ ಮಿತಿಗಳು

ವೈರಲ್ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ರೋಗಿಯ ಉಸಿರಾಟ ಹಠಾತ್ತಾಗಿ ಬಿಗಡಾಯಿಸಿದರೆ ಸೋಂಕೇ ಉಲ್ಬಣಿಸಿರಬಹುದು. ಇಲ್ಲವೇ ಶ್ವಾಸಕೋಶದ ಅಪಧಮನಿಯಲ್ಲಿ ರಕ್ತಹೆಪ್ಪು ಸಿಕ್ಕಿಕೊಂಡಿರಬಹುದು. ಏದುಸಿರು, ಎದೆನೋವು, ವೇಗದ ನಾಡಿ, ಆಮ್ಲಜನಕದ ಕುಸಿತ ಎರಡಕ್ಕೂ ಸಮಾನ. ಈ ಗೊಂದಲ ಬಿಡಿಸಲು ಕೋವಿಡ್ ಕಾಲದಲ್ಲಿ ಡಿ-ಡೈಮರ್ ಪರೀಕ್ಷೆಯ ಅಂಕಿಯನ್ನೇ ನೆಚ್ಚುವ ರೂಢಿ ಬೆಳೆಯಿತು. ಆ ಅಂಕಿ ಹೆಪ್ಪಿನ ಶಂಕೆಯನ್ನು ಕೆಲವೊಮ್ಮೆ ತಳ್ಳಿಹಾಕಬಲ್ಲದು, ಆದರೆ ಹೆಪ್ಪಿದೆಯೆಂದು ಸಾಬೀತು ಮಾಡಲಾರದು. ರೋಗಿಯ ಸ್ಥಿತಿಗೂ ನ್ಯುಮೋನಿಯಾದ ವ್ಯಾಪ್ತಿಗೂ ಹೊಂದಾಣಿಕೆ ತಪ್ಪಿದೆಯೇ ಎಂಬ ಪ್ರಶ್ನೆಯಿಂದಲೇ ನಿರ್ಣಯ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ಶಂಕೆಗೆ ಆಧಾರ ಗಟ್ಟಿಯಾಗಿಯೇ ಇದೆ. ನೆದರ್ಲೆಂಡ್ಸ್‌ನ ಮೂರು ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿದ್ದ 184 ಕೋವಿಡ್ ರೋಗಿಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹೆಪ್ಪು ತಡೆಯುವ ಔಷಧವಾದ ಹೆಪಾರಿನ್ ಮುಂಜಾಗ್ರತೆಯಾಗಿ ಸಿಕ್ಕಿದ್ದರೂ 25 ಮಂದಿಯಲ್ಲಿ ಶ್ವಾಸಕೋಶದ ಹೆಪ್ಪು ದೃಢಪಟ್ಟಿತ್ತು. ಅದೇ ವರ್ಷ ಹ್ಯಾಂಬರ್ಗ್‌ನಲ್ಲಿ ನಡೆದ ಕೋವಿಡ್ ಮೃತರ 12 ಮರಣೋತ್ತರ ಪರೀಕ್ಷೆಗಳಲ್ಲಿ 7 ಮಂದಿಯ ಕಾಲಿನ ಆಳದ ಅಭಿಧಮನಿಗಳಲ್ಲಿ ಹೆಪ್ಪು ಕಂಡಿತು. ಬದುಕಿದ್ದಾಗ ಯಾರೂ ಅದನ್ನು ಶಂಕಿಸಿರಲಿಲ್ಲ. ನಾಲ್ವರ ಸಾವಿಗೆ ಶ್ವಾಸಕೋಶದ ಹೆಪ್ಪೇ ನೇರ ಕಾರಣವಾಗಿತ್ತು. ಅಂದರೆ ಮುಂಜಾಗ್ರತೆಯ ಔಷಧವಾಗಲಿ ಲಕ್ಷಣಗಳಿಗೆ ಬೇರೊಂದು ವಿವರಣೆ ಸಿಕ್ಕಿರುವುದಾಗಲಿ ಹೆಪ್ಪಿಲ್ಲವೆಂಬ ಭರವಸೆ ನೀಡದು.

ಡಿ-ಡೈಮರ್ ಎಂಬುದು ಹೆಪ್ಪಿನ ಫೈಬ್ರಿನ್ ಎಳೆಗಳು ಕರಗುವಾಗ ಉಳಿಯುವ ತುಣುಕು. ತೀವ್ರ ಉರಿಯೂತದಲ್ಲಿ ಶ್ವಾಸಕೋಶದ ಗಾಳಿಗೂಡುಗಳಲ್ಲೂ ಫೈಬ್ರಿನ್ ಶೇಖರವಾಗಿ ಕರಗುವುದರಿಂದ, ದೊಡ್ಡ ರಕ್ತನಾಳಗಳು ತೆರವಾಗಿದ್ದರೂ ಅಂಕಿ ಮಿಲಿಲೀಟರಿಗೆ 500 ನ್ಯಾನೊಗ್ರಾಂ ಎಂಬ ಮಿತಿಯನ್ನು ಹಲವೊಮ್ಮೆ ದಾಟುತ್ತದೆ. ಈ ಕೊರತೆಯನ್ನು, ಲಕ್ಷಣಗಳಿಗೆ ಅಂಕ ಕೊಟ್ಟು ಹೆಪ್ಪಿನ ಸಾಧ್ಯತೆ ಅಳೆಯುವ ವೆಲ್ಸ್ ಅಂಕಪಟ್ಟಿಯಿಂದ ಸರಿದೂಗಿಸಬಹುದಲ್ಲ ಎನ್ನಬಹುದು. ಆದರೆ ಆ ಪಟ್ಟಿಯಲ್ಲಿ ‘ಬೇರೆ ರೋಗಕ್ಕಿಂತ ಹೆಪ್ಪಿನ ಸಾಧ್ಯತೆಯೇ ಹೆಚ್ಚು’ ಎಂಬ ತೀರ್ಮಾನಕ್ಕೆ 3 ಅಂಕಗಳಿವೆ. ನ್ಯುಮೋನಿಯಾ ಎಂಬ ಬೇರೆ ರೋಗ ಮೊದಲೇ ಗೊತ್ತಿರುವುದರಿಂದ ಈ 3 ಅಂಕ ಬಹುತೇಕ ಸಿಗುವುದೇ ಇಲ್ಲ. ವೇಗದ ನಾಡಿಗೆ 1.5, ಹಾಸಿಗೆ ಹಿಡಿದದ್ದಕ್ಕೆ 1.5 ಸೇರಿದರೂ ಒಟ್ಟು 3 ಮಾತ್ರ. 4ನ್ನು ಮೀರದ ಕಾರಣ ಹೆಪ್ಪು ‘ಅಸಂಭವ’ದ ಸಾಲಿಗೆ ಸೇರುತ್ತದೆ. ಹೀಗೆ ಒಂದು ಅಳತೆಗೋಲು ಅತಿಯಾಗಿ ಎಚ್ಚರಿಸಿದರೆ ಇನ್ನೊಂದು ಅತಿಯಾಗಿ ಸಮಾಧಾನಪಡಿಸುತ್ತದೆ.

ಆದ್ದರಿಂದ ನೋಡಬೇಕಾದದ್ದು ಹೊಂದಾಣಿಕೆಯನ್ನು. ಎಕ್ಸ್‌-ರೇಯಲ್ಲಿ ಕಲೆಗಳು ಹೆಚ್ಚದೆ ಆಮ್ಲಜನಕದ ಬೇಡಿಕೆ ಏರಿದರೆ, ಜ್ವರ ಇಳಿದರೂ ನಾಡಿ ಇಳಿಯದಿದ್ದರೆ, ಕಾರಣ ತಿಳಿಯದೆ ರಕ್ತದೊತ್ತಡ ಕುಸಿದರೆ, ಒಂದು ಕಾಲು ಮಾತ್ರ ಊದಿಕೊಂಡರೆ, ಡಿ-ಡೈಮರ್ ಎಷ್ಟೇ ಇರಲಿ, ಶ್ವಾಸಕೋಶದ ರಕ್ತನಾಳಗಳ ಸಿಟಿ ಆಂಜಿಯೊಗ್ರಾಂ ಮಾಡಿಸಬೇಕು. ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಸಿಟಿ ಕೋಣೆಗೆ ಒಯ್ಯುವುದು ಅಪಾಯಕರ, ಕಾಂಟ್ರಾಸ್ಟ್ ದ್ರವ ಮೂತ್ರಪಿಂಡಕ್ಕೆ ಹೊರೆಯಾದೀತು ಎಂಬ ಆಕ್ಷೇಪ ನ್ಯಾಯವೇ. ಅಂಥಲ್ಲಿ ಕಾಲಿನ ಅಲ್ಟ್ರಾಸೌಂಡ್ ಮತ್ತು ಹೃದಯದ ಎಕೋ ಪರೀಕ್ಷೆಗಳನ್ನು ಹಾಸಿಗೆಯ ಬಳಿಯೇ ಮಾಡಬಹುದು. ಕಾಲಿನಲ್ಲಿ ಹೆಪ್ಪು ಕಂಡರೆ ಚಿಕಿತ್ಸೆಗೆ ಅಷ್ಟೇ ಸಾಕು. ಕಾಣದಿದ್ದರೆ ಶಂಕೆ ತೀರದು, ಏಕೆಂದರೆ ಹೆಪ್ಪು ಶ್ವಾಸಕೋಶದಲ್ಲೇ ಹುಟ್ಟಿರಬಹುದು.

ಇಷ್ಟೆಲ್ಲ ತೊಡಕಿಗಿಂತ ಎಲ್ಲರಿಗೂ ಪೂರ್ಣ ಪ್ರಮಾಣದ ಹೆಪಾರಿನ್ ಕೊಟ್ಟರಾಗದೇ ಎಂಬುದು ಇನ್ನೊಂದು ಆಕ್ಷೇಪ. 2021ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟಿವೆ. ತೀವ್ರ ನಿಗಾದಲ್ಲಿದ್ದ ಕೋವಿಡ್ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಶೇ. 2.3ರಿಂದ 3.8ಕ್ಕೇರಿತು. ಅಷ್ಟು ತೀವ್ರವಲ್ಲದ ರೋಗಿಗಳಿಗೆ ಲಾಭವಾಯಿತು, ಆದರೆ ಅದು ಡಿ-ಡೈಮರ್ ಮಟ್ಟವನ್ನು ಅವಲಂಬಿಸಿರಲಿಲ್ಲ. ಮೇಲಾಗಿ, ದೃಢಪಟ್ಟ ಹೆಪ್ಪಿಗೆ ಕನಿಷ್ಠ 3 ತಿಂಗಳ ಚಿಕಿತ್ಸೆ ಬೇಕು. ಯಾರಿಗೆ ಅದು ಬೇಕೆಂಬುದನ್ನು ಊಹೆಯಿಂದ ನಿರ್ಧರಿಸಲಾಗದು. ಡಿ-ಡೈಮರ್ ಏರಿತೆಂಬ ಒಂದೇ ಕಾರಣಕ್ಕೆ ಹೆಪಾರಿನ್ ಪ್ರಮಾಣ ಏರಿಸುವ ಪದ್ಧತಿಯನ್ನು ಕೈಬಿಡಬೇಕು. ರೋಗಿಯ ಸ್ಥಿತಿ ನ್ಯುಮೋನಿಯಾಕ್ಕೆ ತಾಳೆಯಾಗುತ್ತಿದೆಯೇ ಎಂಬುದನ್ನು ಪ್ರತಿದಿನ ಕೇಸ್‌ಶೀಟಿನಲ್ಲಿ ದಾಖಲಿಸುವುದು ಕಡ್ಡಾಯವಾಗಬೇಕು.