ಒಂಬತ್ತನೆಯ ಕಾಲಂ

ನಮ್ಮ ಕೋಲಾರದ ಕಡೆ ಹೆಣ್ಣುಮಕ್ಕಳಿಗೆ ಹೊಲದ ಕೆಲಸವೆಲ್ಲ ಗೊತ್ತಿತ್ತು, ಹೊಲದ ಕಾಗದ ಗೊತ್ತಿರಲಿಲ್ಲ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನಕಾಯಿ ಆಯುವವರು, ಮುಳಬಾಗಿಲಿನ ಟೊಮೆಟೊ ತೋಟಗಳಲ್ಲಿ ಬೆನ್ನು ಬಗ್ಗಿಸುವವರು ಅವರೇ. ಪಹಣಿ ಮಾತ್ರ ಗಂಡಸರ ಟ್ರಂಕಿನಲ್ಲಿ.

ಮೊದಲು ಶಾನುಭೋಗರ ಕಾಲ. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯಿದೆ ತೆಗೆದುಹಾಕಿತು. ಆಮೇಲೆ ದಫ್ತರ ಗ್ರಾಮ ಲೆಕ್ಕಿಗರ ಕೈಗೆ ಬಂತು. "ಸ್ವಾಮಿ, ನಮ್ಮಪ್ಪನ ಜಮೀನು ಈಗ ಯಾರ ಹೆಸರಿನಲ್ಲಿದೆ?" ಎಂದು ಹೆಂಗಸೊಬ್ಬಳು ಹೋಗಿ ಕೇಳುವುದುಂಟೇ? ಅವಳು ಮನೆ ಸೇರುವ ಮೊದಲೇ ಸುದ್ದಿ ಅಣ್ಣನ ಕಿವಿ ಸೇರುತ್ತಿತ್ತು. ಸಾಲದ್ದಕ್ಕೆ, ನಮ್ಮ ಗಡಿಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕಾಗದ ಕನ್ನಡ.

2001-02ರ ಹೊತ್ತಿಗೆ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂತು. ಕೈಬರಹದ ಪಹಣಿ ನಿಂತಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಕಂಪ್ಯೂಟರಿನ ಪಹಣಿ. ಆದರೂ ಅಲ್ಲಿ ಸರದಿಯಲ್ಲಿ ನಿಂತವರು ಹೆಚ್ಚಾಗಿ ಗಂಡಸರೇ. ನನ್ನ ಎಣಿಕೆಯಲ್ಲಿ ನಿಜವಾದ ಬದಲಾವಣೆ ಅದೇ ಪಹಣಿ ಫೋನಿಗೆ ಇಳಿದ ಮೇಲೆ ಆದದ್ದು. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಒತ್ತಿದರೆ ಸಾಕು, ನೋಡಲು ದುಡ್ಡೂ ಬೇಡ. ಕಾಲೇಜಿಗೆ ಹೋಗುವ ಮೊಮ್ಮಗಳು ಜಗಲಿಯಲ್ಲಿ ಕೂತು ಅಜ್ಜಿಗೆ ಓದಿ ಹೇಳುತ್ತಾಳೆ. ಒಂಬತ್ತನೆಯ ಕಾಲಂನಲ್ಲಿ ಯಜಮಾನರ ಹೆಸರು, ಹತ್ತರಲ್ಲಿ ಅದು ಹೇಗೆ ಬಂತೆಂಬುದು, ಹನ್ನೊಂದರಲ್ಲಿ ಸಾಲ. "ಒಂಬತ್ತರಲ್ಲಿ ನಿನ್ನ ಹೆಸರಿಲ್ವಲ್ಲಜ್ಜಿ?" ಎಂದು ಮಗು ಕೇಳಿದರೆ ಅಜ್ಜಿ ಏನು ಹೇಳಬೇಕು!

ಕಾನೂನೇನೋ ಬಹಳ ಹಿಂದೆಯೇ ಬಂದಿದೆ. ಪಿತ್ರಾರ್ಜಿತದಲ್ಲಿ ಹೆಣ್ಣಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಯಾಯಿತು. ಅದಕ್ಕೆ ಮೊದಲು ಮದುವೆಯಾದವರು ಮಾತ್ರ ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಮಳೆ ನಂಬಿದ ನೆಲಕ್ಕೆ ಬೆಲೆಯಿಲ್ಲದಾಗ ಇದನ್ನು ಯಾರೂ ಕೆದಕಲಿಲ್ಲ. ನರಸಾಪುರ, ವೇಮಗಲ್‌ಗೆ ಕಾರ್ಖಾನೆಗಳು ಬಂದವು, ಮಾಲೂರಿನ ಮೇಲೆ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹಾದುಹೋಯಿತು. ಪರಿಹಾರದ ಹಣ ಬರುವಾಗ ಮೊದಲು ನೋಡುವುದು ಪಹಣಿಯಲ್ಲಿ ಯಾರ ಹೆಸರಿದೆ ಎಂದು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಸತ್ತವರ ಹೆಸರಿನಲ್ಲೇ ಇರುವುದು ಗೊತ್ತಾಯಿತು. ಈಗ ಪೌತಿ ಖಾತೆ ಮಾಡಿಸಿ ಎನ್ನುತ್ತಾರೆ. ಅದಕ್ಕೆ ವಂಶವೃಕ್ಷ ಬೇಕು. ಆ ವೃಕ್ಷದಲ್ಲಿ ಹೆಣ್ಣುಕೊಂಬೆಗಳು ಎಷ್ಟು ಸಲೀಸಾಗಿ ಕಾಣೆಯಾಗುತ್ತವೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಫೋನು ತೋರಿಸುತ್ತದೆ, ಅಷ್ಟೇ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವಳು ಹೆಣ್ಣೇ, ಒಂದು ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು. ಅವಳನ್ನು ಪೆದ್ದಿ ಎನ್ನಲಾರೆ. ಪಾಲು ಕೇಳಿದರೆ ಗೌರಿಹಬ್ಬಕ್ಕೆ ಕರೆಯುವ ಅಣ್ಣ ಬಾರದೆ ಹೋದಾನು ಎಂಬ ಅವಳ ಭಯ ಸುಳ್ಳೇನಲ್ಲ. ಮೊಮ್ಮಗಳಿಗೆ ಆ ಭಯ ಅರ್ಥವಾಗುವುದಿಲ್ಲ. "ಮಾವ ಕರೆದರೆ ಹೋಗು ಅಜ್ಜಿ, ಪತ್ರ ಮಾತ್ರ ನಾನು ಓದೋ ತನಕ ಒತ್ತಬೇಡ" ಎನ್ನುತ್ತಾಳೆ. ಅಜ್ಜಿ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಸರ್ವೆ ನಂಬರನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾಳೆ.