ಪಗಡೆಯ ಹಾಸು ಮತ್ತು ಕಾಣದವರ ಓದು: ಜೇಜುರಿಯ ಒಂದು ಕಥೆಯಿಂದ ಹೊರಟ ವಿಚಾರ

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿಯು ಖಂಡೋಬಾನ ಪ್ರಸಿದ್ಧ ಕ್ಷೇತ್ರ. ಈ ದೈವವು ಕನ್ನಡ ನಾಡಿನ ಮೈಲಾರಲಿಂಗನೇ ಎಂಬುದು ರಾ. ಚಿಂ. ಢೇರೆ, ಗುಂಥರ್ ಸೊಂಥೈಮರ್ ಮೊದಲಾದವರ ಅಧ್ಯಯನಗಳಿಂದ ವಿದ್ವಾಂಸರಿಗೆ ತಿಳಿದ ಸಂಗತಿ. ಜೇಜುರಿಯ ಮ್ಹಾಳಸೆ ಇಲ್ಲಿ ಗಂಗಿಮಾಳವ್ವ. ಧನಗರ ಹೆಣ್ಣು ಬಾಣಾಯಿ ಇಲ್ಲಿ ಕುರುಬತೆವ್ವ. ಪ್ರಸ್ತುತ ಲೇಖನಕ್ಕೆ ಬೇಕಾದುದು ಆ ಕಥಾಚಕ್ರದ ಒಂದು ಸಣ್ಣ ಪ್ರಸಂಗ ಮಾತ್ರ. ಖಂಡೋಬಾ ಮ್ಹಾಳಸೆಯೊಡನೆ ಸಾರಿಪಾಟ, ಎಂದರೆ ಪಗಡೆ, ಆಡಿ ಸೋಲುತ್ತಾನೆ. ಬೇಕೆಂದೇ ಸೋತನೆನ್ನುವ ಪಾಠವೂ ಉಂಟು. ಪಣದಂತೆ ಹನ್ನೆರಡು ವರ್ಷ ಮನೆಬಿಟ್ಟು, ವೇಷ ಮರೆಸಿ, ಬಾಣಾಯಿಯ ತಂದೆಯ ಬಳಿ ಕುರಿಕಾಯುವ ಆಳಾಗಿ ನಿಲ್ಲುತ್ತಾನೆ. ಹಾಸಿನ ಮೇಲೆ ಬಿದ್ದ ಗರವು ಆಟಗಾರನನ್ನು ಇನ್ನೊಂದು ಪಾತ್ರದೊಳಕ್ಕೆ ತಳ್ಳುತ್ತದೆ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಪಾತ್ರಾಭಿನಯದ ಆಟ ನಡೆಯುವುದೂ ಹೀಗೆಯೇ: ಒಬ್ಬನು ಕಥೆ ಹೇಳುತ್ತಾನೆ, ಉಳಿದವರು ಪಾತ್ರಗಳಾಗಿ ಉತ್ತರಿಸುತ್ತಾರೆ, ಸಂದೇಹವಿದ್ದಲ್ಲಿ ದಾಳ ತೀರ್ಪು ಕೊಡುತ್ತದೆ. ಇವೆರಡಕ್ಕೂ ಚಾರಿತ್ರಿಕ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಮಾತಿನಲ್ಲಿಯೇ ನಡೆಯುವ ಇಂತಹ ಆಟದಿಂದ ಕಣ್ಣು ಕಾಣದವನು ಹೊರಗುಳಿಯುವುದು ಯಾವ ಹಂತದಲ್ಲಿ?

ಪಗಡೆಯ ಹಾಸಿನಲ್ಲಿ ಆ ಹಂತ ಕಾಣುವುದಿಲ್ಲ. ಶಿಲುಬೆಯಾಕಾರದ ಬಟ್ಟೆ, ನಾಲ್ಕು ತೋಳುಗಳು, ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 96. ಮನೆಗಳ ಗೆರೆಗಳನ್ನು ದಾರದಿಂದ ಹೊಲಿದಿದ್ದರೆ ಬೆರಳಿಗೆ ಸಿಗುತ್ತವೆ. ದಾಳದ ಚುಕ್ಕೆಗಳು ಕೊರೆದವು. ಕವಡೆ ಬಾಯಿ ಮೇಲಾಗಿ ಬಿದ್ದಿತೋ ಕೆಳಗಾಗಿಯೋ ಎಂಬುದನ್ನು ಮುಟ್ಟಿ ತಿಳಿಯಬಹುದು. ಕಾಯಿಗಳ ಬಣ್ಣವೊಂದೇ ಕಣ್ಣನ್ನು ಬೇಡುತ್ತದೆ. ಕರಾವಳಿಯ ಚೆನ್ನೆಮಣೆಯಲ್ಲಿ ಅದೂ ಇಲ್ಲ: ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಎಲ್ಲವೂ ಕೈಯ ಲೆಕ್ಕ. ನಿಯಮಗಳಂತೂ ಬಾಯಿಂದ ಬಾಯಿಗೆ ಬಂದವು. ಕಥೆಯೂ ಹಾಗೆಯೇ, ಜೇಜುರಿಯ ವಾಘ್ಯಾ–ಮುರಳಿಯರು ಜಾಗರಣದ ರಾತ್ರಿಯಲ್ಲಿ ದಿಮಡಿಯ ಬಡಿತಕ್ಕೆ ಹಾಡಿದ್ದನ್ನು ಕೇಳಲು ಕಿವಿಯೊಂದಿದ್ದರೆ ಸಾಕಾಗಿತ್ತು. ಕರಿಯ ಕಂಬಳಿ ಹೊದ್ದು, ಡಮರುಗ ಹಿಡಿದು, ನಾಯಿಯಂತೆ ಬೊಗಳಿ ದೋಣಿಯಲ್ಲಿ ಪ್ರಸಾದವುಣ್ಣುವ ನಮ್ಮ ಗೊರವರ ಪಾತ್ರಧಾರಣೆಗೂ ಯಾವ ಕೈಪಿಡಿಯೂ ಬೇಕಾಗಿರಲಿಲ್ಲ.

ಆಟವು ಪುಟಕ್ಕೆ ಏರಿದಾಗ ಪರಿಸ್ಥಿತಿ ಬದಲಾಗುತ್ತದೆ. ಇದಕ್ಕೆ ಕನ್ನಡದ ಶ್ರೇಷ್ಠ ನಿದರ್ಶನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸ್ಥಾನದ್ದು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲು. ಮುನ್ನೂರಕ್ಕೂ ಹೆಚ್ಚು ಎಲೆಗಳ ಗಂಜೀಫಾ ಕಟ್ಟುಗಳು ಅಲ್ಲಿ ಕಲ್ಪಿತವಾಗಿವೆ. ಒಂದೊಂದು ಎಲೆಯೂ ಒಂದು ಚಿತ್ರ. ಅಷ್ಟನ್ನೂ ಮುಟ್ಟಿ ಗುರುತಿಸುವುದು ಅಸಾಧ್ಯ. ಆದರೆ ಇದೇ ಒಡೆಯರಿಗೆ ಪ್ರಿಯವಾಗಿದ್ದ ಚದುರಂಗದ ಕುದುರೆಯ ನಡೆಯಲ್ಲಿ ಒಂದು ಉಪಾಯ ಅಡಗಿದೆ. ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಯದು. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಷ್ಟು ಹಿಂದೆಯೇ ತುರಗಪದಬಂಧವೆಂಬ ಹೆಸರಿನಲ್ಲಿ ಈ ನಡೆಯನ್ನು ಶ್ಲೋಕದ ಅಕ್ಷರಗಳಿಗೆ ಹೊಂದಿಸಿದ್ದುಂಟು. ಶ್ಲೋಕವನ್ನು ಕಂಠಸ್ಥ ಮಾಡಿದವನಿಗೆ ನಡೆಯ ನೆನಪಿಗೊಂದು ಆಸರೆಯಿರುತ್ತದೆ. ಎರಡು ಆಯಾಮದ ಹಲಗೆಯನ್ನು ಒಂದೇ ಸಾಲಿನ ಮಾತನ್ನಾಗಿ ಬಿಚ್ಚುವ ಈ ಕ್ರಮವನ್ನು ಪಂಡಿತರು ಚಮತ್ಕಾರವೆಂದು ಬದಿಗಿಟ್ಟರು. ನನ್ನ ಅಭಿಪ್ರಾಯದಲ್ಲಿ ಅದು ಚಮತ್ಕಾರಕ್ಕಿಂತ ಹೆಚ್ಚಿನದು.

ಏಕೆಂದರೆ ಇಂದು ತೆರೆ ಓದುವ ತಂತ್ರಾಂಶಕ್ಕೆ ಬೇಕಾದುದು ಇದೇ. ಪಾತ್ರಾಭಿನಯದ ಆಟಗಳ ಕೈಪಿಡಿಗಳು ದಪ್ಪ ಪುಸ್ತಕಗಳು: ಎರಡು ಅಂಕಣ, ನಡುವೆ ಚೌಕಟ್ಟಿನ ಟಿಪ್ಪಣಿ, ಚಿತ್ರದ ಮೇಲೆ ಅಚ್ಚಾದ ಕೋಷ್ಟಕ. ಪುಟದ ಚಿತ್ರವನ್ನಷ್ಟೇ ಇರಿಸಿಕೊಂಡ ಕಡತದಲ್ಲಿ ಯಂತ್ರಕ್ಕೆ ಓದಲು ಏನೂ ಇರುವುದಿಲ್ಲ. ಪಠ್ಯವಿದ್ದರೂ ಓದಿನ ಕ್ರಮವನ್ನು ಗುರುತಿಸದಿದ್ದರೆ ಒಂದು ಅಂಕಣದ ಅರ್ಧ ವಾಕ್ಯಕ್ಕೆ ಇನ್ನೊಂದರ ಅರ್ಧ ಬೆಸೆದುಕೊಳ್ಳುತ್ತದೆ. ಶೀರ್ಷಿಕೆಯನ್ನು ಶೀರ್ಷಿಕೆಯೆಂದೇ, ಕೋಷ್ಟಕದ ತಲೆಸಾಲನ್ನು ತಲೆಸಾಲೆಂದೇ ಗುರುತಿಸಿ, ಚಿತ್ರಕ್ಕೆ ಮಾತಿನ ವಿವರಣೆ ಕೊಡಬೇಕು. ಬಣ್ಣದಿಂದ ತೋರಿಸಿದ ಭೇದವನ್ನು ಆಕಾರದಿಂದಲೂ ತೋರಿಸಬೇಕು.

ಕನ್ನಡಕ್ಕೆ ಇದರ ಮೇಲೊಂದು ತೊಡಕು. 1990ರ ದಶಕದಿಂದ ಬಹುಕಾಲ ನಮ್ಮ ಪಠ್ಯಗಳು ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದ ಸಂಕೇತಗಳಲ್ಲಿ ಸಿದ್ಧವಾದವು. ತೆರೆಯ ಮೇಲೆ ಕನ್ನಡ, ಒಳಗೆ ರೋಮನ್ ಚಿಹ್ನೆಗಳು. ಕಣ್ಣಿದ್ದವರಿಗೆ ಭೇದವೇ ತಿಳಿಯದ ಈ ದೋಷವು ಕಾಣದವರಿಗೆ ಪುಸ್ತಕವನ್ನೇ ಮುಚ್ಚಿತು. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡವಿದ್ದರೂ ಅದು ಬಳಕೆಗೆ ಬಂದುದು ನಿಧಾನವಾಗಿ. ಬ್ರೈಲ್‌ನ ಲೆಕ್ಕ ಇನ್ನೊಂದು ಬಗೆಯದು. ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರವು ಕೆಳಗೆ ಕೂರದೆ ಸಾಲಿನಲ್ಲಿಯೇ ನಿಲ್ಲುವುದರಿಂದ ಪದಗಳು ಉದ್ದವಾಗುತ್ತವೆ. ಸಾಲಿಗೆ ಸಾಮಾನ್ಯವಾಗಿ 40 ಕೋಶಗಳಷ್ಟೇ ಇರುವಲ್ಲಿ ಆರು ಅಂಕಣದ ಕೋಷ್ಟಕ ಹಿಡಿಯುವುದಿಲ್ಲ. ಅದನ್ನು ಪಟ್ಟಿಯಾಗಿಯೋ ವಾಕ್ಯವಾಗಿಯೋ ಬಿಚ್ಚಲೇಬೇಕು. ದೊಡ್ಡಕ್ಷರದ ಮುದ್ರಣದಲ್ಲಿ ಅದೇ ಒತ್ತಕ್ಷರವು ಸಾಲುಗಳ ನಡುವಿನ ಜಾಗವನ್ನು ಹೆಚ್ಚಿಸುತ್ತದೆ.

ಕಾನೂನು ಈಗ ಅಡ್ಡಿಯಲ್ಲ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಯು ಅಂಗವಿಕಲರ ಓದಿಗಾಗಿ ರೂಪಾಂತರಿಸಲು ಅವಕಾಶವಿತ್ತಿದೆ. 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಸ್ಥಿರೀಕರಿಸಿದ ಮೊದಲ ರಾಷ್ಟ್ರ ಭಾರತ. ಕೆಲಸ ಉಳಿದಿರುವುದು ಸಂಪಾದಕರದು. ಹಳೆಯ ಆಟದ ಗ್ರಂಥಗಳನ್ನು ಅಂಕೀಕರಿಸುವವರು ಬಹುಮಟ್ಟಿಗೆ ಪುಟದ ಛಾಯಾಚಿತ್ರಕ್ಕೆ ತೃಪ್ತರಾಗುತ್ತಾರೆ. ಕೌತುಕನಿಧಿಯಂತಹ ಗ್ರಂಥದ ಪರಿಷ್ಕರಣಕ್ಕೆ ಕೈಹಾಕುವವರು ಪಾಠಾಂತರದ ಜೊತೆಗೆ ಒಂದೊಂದು ಹಲಗೆಯ ಮನೆಗಳಿಗೂ ಅನುಕ್ರಮ ಸಂಖ್ಯೆ ಕೊಟ್ಟು, ಆರಂಭದ ಮನೆ, ಸಾಗುವ ದಿಕ್ಕು, ಕಟ್ಟೆಮನೆಗಳು, ಹಣ್ಣಾಗುವ ಸ್ಥಾನ ಇಷ್ಟನ್ನು ಗದ್ಯದಲ್ಲಿ ಬರೆದು ಸೇರಿಸಬೇಕು. ಪಗಡೆಗೆ ಅಂತಹ ವಿವರಣೆಯು ಅರ್ಧ ಪುಟದಲ್ಲಿ ಮುಗಿಯುತ್ತದೆ. ಗಂಜೀಫಾದ ದೊಡ್ಡ ಕಟ್ಟುಗಳಿಗೆ ಒಂದು ಸಂಪುಟವೇ ಬೇಕಾದೀತು.